ಒಂಟಿ ಅತಿಥಿಗೊಂದು ಕಾವಲು

“ಒಂದ್ನಿಮಿಷ… ಹಾಗೇ ನಿಂತ್ಕೊಳ್ಳಿ. ಅಲ್ಲಾಡ್ಬೇಡಿ.”

ಅಷ್ಟು ಹೇಳಿದವಳೇ ಮಿಸಾವೊ, ಕಾರಿಡಾರಿನಲ್ಲಿ ಎದುರಿಗೆ ಬರುತ್ತಿದ್ದ ಅತಿಥಿಯ ಎದೆಯ ಮೇಲಿನ ಬಟ್ಟೆಗೆ ಎರಡೂ ಕೈ ಹಾಕಿಬಿಟ್ಟಳು.

ಆತ ಆಗಷ್ಟೇ ಸ್ನಾನ ಮುಗಿಸಿ ಬಂದಿದ್ದ. ಕೂದಲಿಂದ ನೀರು ತೊಟ್ಟಿಕ್ಕುತ್ತಿತ್ತು, ಮುಖ ಕೆಂಪಗಾಗಿತ್ತು. ಅದು ಬಿಸಿನೀರಿಗೋ, ಗುರುತು ಪರಿಚಯ ಇಲ್ಲದ ಹೆಣ್ಣೊಬ್ಬಳು ಕೊರಳಪಟ್ಟಿ ಹಿಡಿದಿದ್ದಕ್ಕೋ, ಅವನನ್ನೇ ಕೇಳಬೇಕು.

“ಏನಾಯ್ತು? ನನ್ನಿಂದ ಏನಾದ್ರೂ ತಪ್ಪು…”

“ಮಗ್ಗುಲು ಅದಲುಬದಲಾಗಿದೆ,” ಎಂದಳು ಮಿಸಾವೊ.

ಆತ ಬಗ್ಗಿ ನೋಡಿಕೊಂಡ. ನೋಡಿಕೊಂಡವನ ಮುಖದ ಕೆಂಪೆಲ್ಲ ಇಳಿದುಹೋಯಿತು.

ವಸತಿಗೃಹದಲ್ಲಿ ಕೊಡುವ ಯುಕಾತಾ ಒಂದು ಸಾದಾ ಹತ್ತಿ ನಿಲುವಂಗಿ, ಉಡೋದಕ್ಕೆ ವಿದ್ಯೆ ಏನೂ ಬೇಡ. ಎಡ ಮಗ್ಗುಲು ಮೇಲೆ ಬರಬೇಕು, ಸೊಂಟಕ್ಕೆ ಪಟ್ಟಿ ಸುತ್ತಬೇಕು, ಅಷ್ಟೇ. ಬಲ ಮಗ್ಗುಲು ಮೇಲೆ ಬರೋ ಹಾಗೆ ಉಡಿಸೋದು ಮನುಷ್ಯನಿಗೆ ಒಂದೇ ಸಲ. ಅದಾದ ಮೇಲೆ ಪೆಟ್ಟಿಗೆಯ ಮುಚ್ಚಳ ಹಾಕ್ತಾರೆ. ಹಾಲು ಕುಡಿಯೋ ಕೂಸಿಗೂ ಗೊತ್ತಿರೋ ಮಾತು. ಮೂವತ್ತೈದು ವರ್ಷದ ಗಂಡಸು ಹೆಣದ ಹಾಗೆ ಬಟ್ಟೆ ಉಟ್ಟುಕೊಂಡು ಓಡಾಡಿದರೆ ನೋಡಿದವರ ಎದೆ ಧಸಕ್ಕೆನ್ನದೆ ಇರುತ್ತದೆಯೆ?

ಆತ ಗೋಡೆ ಕಡೆ ತಿರುಗಿ ಸರಿಮಾಡಿಕೊಂಡ. “ಕ್ಷಮಿಸಿ. ಕೈ ತಪ್ಪಿತು. ತುಂಬ ದಣಿದಿದ್ದೆ,” ಎಂದು ತಲೆ ಬಾಗಿಸಿ ತನ್ನ ಕೋಣೆಗೆ ಹೊರಟುಹೋದ.

ಮಿಸಾವೊ ಅಲ್ಲೇ ನಿಂತಳು. ಬೆರಳ ತುದಿಯಲ್ಲಿ ಇನ್ನೂ ಅವನ ಬಟ್ಟೆಯ ಬಿಸಿ ಇತ್ತು.

‘ದಣಿದಿದ್ದೆ ಅಂದ್ರಲ್ಲ… ಯಾವುದರಿಂದ ದಣಿದಿದ್ದಾರೆ ಇವರು?’

* * *

ತೊಚಿನೊಯಾ ವಸತಿಗೃಹದ ಯಜಮಾನಿ ಕಿನು ಅಜ್ಜಿಗೆ ಎಪ್ಪತ್ತೆಂಟು ವರ್ಷ. ಮೊಮ್ಮಗಳು ಮಿಸಾವೊಗೆ ಮೂವತ್ತೊಂದು. ಬೆಟ್ಟದ ನೆತ್ತಿಯ ಆ ಹನ್ನೊಂದು ಕೋಣೆಗಳ ಮನೆಯನ್ನು ನಡೆಸುತ್ತಿದ್ದವರು ಇವರಿಬ್ಬರೇ. ಅಡುಗೆಗೆ ಗೊಂಪಾಚಿ, ಕೋಣೆ ಕೆಲಸಕ್ಕೆ ಒತ್ಸುರು. ಇಬ್ಬರೂ ಮಿಸಾವೊ ಹುಟ್ಟುವ ಮೊದಲಿಂದ ಅಲ್ಲಿದ್ದವರು. ಹಾಗಾಗಿ ಅವಳ ಮದುವೆಯ ಚಿಂತೆ ಅವರಿಗೂ ಅಷ್ಟೇ ಇತ್ತು.

“ಈ ಬೆಟ್ಟಕ್ಕೆ ಬಸ್ಸು ಬರೋದೇ ದಿನಕ್ಕೆ ಮೂರು,” ಅಂತಿದ್ದ ಗೊಂಪಾಚಿ. “ಗಂಡು ಎಲ್ಲಿಂದ ಬರ್ಬೇಕು?”

ಆ ಸೋಮವಾರ ಮಧ್ಯಾಹ್ನದ ಬಸ್ಸಿಗೆ ಬಂದಿದ್ದ ಈ ಅತಿಥಿ, ಇಸಾಮು. ಒಬ್ಬನೇ. ಕೈಯಲ್ಲೊಂದು ಪುಟ್ಟ ಚೀಲ. ಏಳು ರಾತ್ರಿಗೆ ಕೋಣೆ ಕೇಳಿದ್ದ.

ಮಿಸಾವೊ ಬಂದು ಬಟ್ಟೆಯ ವಿಷಯ ಹೇಳಿದ್ದೇ ಅಜ್ಜಿಯ ಕೈಯಲ್ಲಿದ್ದ ಟೀ ಬಟ್ಟಲು ತಟ್ಟೆಗೆ ಬಡಿಯಿತು.

“ನಾನಂದ್ಕೊಂಡೆ ಕಣೇ. ಬೇಸಿಗೇಲಿ ಒಬ್ಬನೇ ಬಂದ್ರೆ ಬೆಟ್ಟ ಹತ್ತೋಕೆ ಬಂದಿದಾನೆ ಅನ್ಬಹುದು. ಎಲೆ ಉದುರೋ ಕಾಲದಲ್ಲಿ, ಒಂದೇ ಚೀಲ ಹಿಡ್ಕೊಂಡು ಬರ್ತಾನೆ ಅಂದ್ರೆ… ಒಂಟಿ ಅತಿಥಿಗೆ ಕೋಣೆ ಕೊಡ್ಬೇಡ ಅಂತ ನಮ್ಮತ್ತೆ ಬಡ್ಕೋತಿದ್ರು.”

“ಅಜ್ಜೀ, ಸುಮ್ನೆ ಏನೇನೋ ಹೇಳ್ಬೇಡ.”

ಅಷ್ಟರಲ್ಲಿ ಹಾಸಿಗೆ ಹಾಸಲು ಹೋಗಿದ್ದ ಒತ್ಸುರು ಏದುಸಿರು ಬಿಡುತ್ತಾ ಬಂದಳು.

“ಅಮ್ಮಾವ್ರೇ… ನಾನು ಹಾಸಿ ಬಂದ ಹಾಸಿಗೇನ ಅವರು ಎಳೆದು ತಿರುಗಿಸಿದಾರೆ. ತಲೆದಿಂಬು ಈಗ ಉತ್ತರಕ್ಕೆ ಇದೆ.”

ಮೂವರೂ ಮುಖ ಮುಖ ನೋಡಿಕೊಂಡರು. ಬದುಕುವ ಆಸೆ ಇರುವ ಯಾರು ತಾನೇ ಉತ್ತರಕ್ಕೆ ತಲೆ ಹಾಕಿ ಮಲಗುತ್ತಾರೆ?

“ಮಿಸಾವೊ,” ಎಂದಳು ಅಜ್ಜಿ, “ನಾಳೆಯಿಂದ ಆ ಮನುಷ್ಯ ಕಣ್ಣಿಂದ ಮರೆಯಾಗ್ಬಾರ್ದು. ಊಟ ಬಿಟ್ಟಿದಾನಾ, ನದಿ ಕಡೆ ಹೋದನಾ, ಎಲ್ಲಾ ನೋಡ್ತಿರು. ನಮ್ಮ ಮನೆ ನೀರಲ್ಲಿ ಮಿಂದವನು ಸಾಯೋ ಮಾತಾಡ್ಬಾರ್ದು.”

* * *

ಮಾರನೇ ದಿನ ಇಸಾಮುವಿಗೆ ಸಿಕ್ಕಿದ ಉಪಚಾರ ಯಾವ ರಾಜನಿಗೂ ಸಿಕ್ಕಿರಲಿಕ್ಕಿಲ್ಲ.

ಬೆಳಗ್ಗೆ ಗಡ್ಡ ಕೆರೆಯಲು ರೇಜರ್ ಹುಡುಕಿದ, ಇರಲಿಲ್ಲ. ಕೇಳಿದಾಗ ಗೊಂಪಾಚಿಯೇ ತಂದುಕೊಟ್ಟ. ಕೊಟ್ಟವನು ಹೋಗದೆ ಟವೆಲ್ ಹಿಡಿದು ಹಿಂದೆಯೇ ನಿಂತ, ಗಡ್ಡ ಮುಗಿದ ತಕ್ಷಣ ರೇಜರ್ ಕಸಿದುಕೊಂಡು ಹೋದ. ತಿಂಡಿಗೆ ಕೂತರೆ ಒತ್ಸುರು ಮೂರು ಸಲ ಅನ್ನ ಬಡಿಸಿದಳು. “ತಿನ್ನಿ ತಿನ್ನಿ, ಹೊಟ್ಟೆ ತುಂಬಿದ್ರೆ ಪ್ರಪಂಚ ಚೆನ್ನಾಗಿ ಕಾಣುತ್ತೆ,” ಅಂದಳು. ವಾಕಿಂಗ್ ಹೊರಟರೆ ಹಿಂದೆ ಇಪ್ಪತ್ತು ಹೆಜ್ಜೆ ದೂರದಲ್ಲಿ ಚಿಕ್ಕ ಯಜಮಾನಿ, ಕೈಯಲ್ಲಿ ಖಾಲಿ ಬುಟ್ಟಿ ಹಿಡಿದು, ಆಕಾಶ ನೋಡುತ್ತಾ ಬರುತ್ತಿದ್ದಳು.

ನದಿಯ ಮೇಲಿನ ತೂಗುಸೇತುವೆಯ ನಡುವೆ ಆತ ನಿಂತ. ಕಂಬಿಯ ಮೇಲೆ ಬಗ್ಗಿ ಕೆಳಗೆ ನೋಡಿದ. ಇನ್ನಷ್ಟು ಬಗ್ಗಿದ.

ಬುಟ್ಟಿ ಎಲ್ಲಿ ಬಿತ್ತೋ ಗೊತ್ತಿಲ್ಲ. ಮಿಸಾವೊ ಓಡಿಹೋಗಿ ಅವನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಸೇತುವೆ ತೂಗಾಡಿತು, ಅವಳ ಎದೆ ಅದಕ್ಕಿಂತ ಜೋರಾಗಿ.

“ಮೀನು,” ಎಂದ ಆತ ಮೆಲ್ಲಗೆ.

“ಏನು?”

“ಕೆಳಗೆ ಮೀನಿದೆ. ನೋಡಿ… ಆ ಬಿಳಿ ಕಲ್ಲಿನ ಪಕ್ಕ. ಅಷ್ಟು ದಪ್ಪದ್ದನ್ನ ನಾನು ನೋಡೇ ಇರ್ಲಿಲ್ಲ.”

ಅವಳೂ ಬಗ್ಗಿ ನೋಡಿದಳು. ನಿಜಕ್ಕೂ ಮೀನಿತ್ತು. ಇಬ್ಬರೂ ಸ್ವಲ್ಪ ಹೊತ್ತು ಅದನ್ನೇ ನೋಡಿದರು. ತೋಳು ಬಿಡಬೇಕು ಅನ್ನೋದು ಅವಳಿಗೆ ಆಮೇಲೆ ನೆನಪಾಯಿತು.

“ನೀವು ಎಲ್ಲಾ ಅತಿಥಿಗಳನ್ನೂ ಹೀಗೇ ಹಿಡ್ಕೋತೀರಾ?” ಎಂದು ಕೇಳಿದ ಆತ. ತುಟಿಯಂಚಿನಲ್ಲಿ ನಗುವಿತ್ತು.

“ಸೇತುವೆ ಹಳೇದು,” ಎಂದಳು ಮಿಸಾವೊ. ಕಿವಿ ಸುಡುತ್ತಿತ್ತು.

‘ನಗ್ತಾರೆ ಕೂಡ… ನಕ್ಕರೆ ಎಷ್ಟು ಚೆನ್ನಾಗಿ ಕಾಣ್ತಾರೆ. ಇಂಥವರಿಗೆ ಸಾಯೋ ಅಂಥದ್ದೇನು ಬಂತು?’

* * *

ಬುಧವಾರ ಬೆಳಗ್ಗೆ ಇಸಾಮು ಅಡುಗೆಮನೆ ಬಾಗಿಲಿಗೆ ಬಂದ.

“ಹೊಗೆಯಲ್ಲಿ ಒಣಗಿಸಿದ ಮೂಲಂಗಿ ಉಪ್ಪಿನಕಾಯಿ ಬಡಿಸಿದ್ರಲ್ಲ, ಅದನ್ನ ಪಾರ್ಸೆಲ್ ಕಳಿಸ್ತೀರಾ?”

“ಎಷ್ಟು ಬೇಕು?” ಎಂದ ಗೊಂಪಾಚಿ.

“ಚಳಿಗಾಲ ಪೂರ್ತಿಗೆ ಆಗೋಷ್ಟು. ಒಂದೇ ಸಲ ಬೇಡ, ಹುಳಿಯಾಗುತ್ತೆ. ಅರ್ಧ ಡಿಸೆಂಬರಿಗೆ ಕಳಿಸಿ, ಅರ್ಧ ಫೆಬ್ರವರಿಗೆ.” ಒಂದು ಚೀಟಿಯಲ್ಲಿ ವಿಳಾಸ ಬರೆದುಕೊಟ್ಟ. “ಹಗಲು ಮನೇಲಿ ಇರಲ್ಲ, ಆಫೀಸಿಗೇ ಕಳಿಸಿ.”

ಅವನು ಅತ್ತ ಹೋದದ್ದೇ ತಡ, ಅಜ್ಜಿ ನೆಲಕ್ಕೆ ಕುಸಿದು ಕೂತು ನಗತೊಡಗಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

“ಸಾಯೋ ಮನುಷ್ಯ ಫೆಬ್ರವರಿಗೆ ಉಪ್ಪಿನಕಾಯಿ ಕಟ್ಟಿಸ್ಕೋತಾನೇನೆ?”

ಒತ್ಸುರುವೂ ಹೇಳಿದಳು: “ಹಾಸಿಗೆ ಯಾಕೆ ತಿರುಗಿಸಿದ್ರಿ ಅಂತ ಕೇಳೇಬಿಟ್ಟೆ. ದಕ್ಷಿಣದ ಕಿಟಕಿಯಿಂದ ಎದುರು ಬೆಟ್ಟದ ತುದಿ ಕಾಣುತ್ತಂತೆ, ಮಲಗಿಕೊಂಡೇ ನೋಡ್ಬಹುದಂತೆ. ಅಷ್ಟಕ್ಕೆ ನಮ್ಮ ಜೀವ ಬಾಯಿಗೆ ಬಂದಿತ್ತು.”

ಮಿಸಾವೊಳ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಕಾವಲು ಮುಗಿಯಿತು. ಇನ್ನು ತನ್ನ ಕೆಲಸ ತಾನು ನೋಡಿಕೊಳ್ಳಬಹುದು.

ಆದರೆ ಹತ್ತು ನಿಮಿಷದಲ್ಲಿ ಅವಳು ಮತ್ತೆ ಬುಟ್ಟಿ ಹಿಡಿದು ಹೊರಟಳು.

“ಎಲ್ಲಿಗೆ?” ಎಂದಳು ಅಜ್ಜಿ.

“ಸೇತುವೆ ಹತ್ರ ಅಣಬೆ ಎದ್ದಿದೆಯಾ ನೋಡ್ಬರ್ತೀನಿ.”

“ಹೂಂ. ನೋಡ್ಬಾ, ನೋಡ್ಬಾ. ಅಣಬೆ ಈಗಷ್ಟೇ ಆ ಕಡೆ ನಡ್ಕೊಂಡು ಹೋಯ್ತು,” ಎಂದಳು ಅಜ್ಜಿ. ಆ ಮುದುಕಿಯ ನಾಲಿಗೆಯಿಂದ ತಪ್ಪಿಸಿಕೊಂಡವರು ಊರಲ್ಲೇ ಇಲ್ಲ.

* * *

ಆಮೇಲಿನ ದಿನಗಳು ಹೇಗೆ ಕಳೆದವು ಅಂತ ಮಿಸಾವೊಗೆ ತಿಳಿಯಲೇ ಇಲ್ಲ.

ತೊಚಿನೊಯಾದ ನೀರು ಬೆಟ್ಟದ ಹೊಟ್ಟೆಯಿಂದ ಕುದಿಯುತ್ತಲೇ ಬರುತ್ತದೆ. ತಣ್ಣೀರು ಬೆರೆಸಿದರೆ ನೀರಿನ ಗುಣ ಹೋಗುತ್ತದೆ ಅಂತ, ಉದ್ದನೆಯ ಹಲಗೆಗಳನ್ನು ತೊಟ್ಟಿಗೆ ಇಳಿಬಿಟ್ಟು ಎಡಕ್ಕೊಮ್ಮೆ ಬಲಕ್ಕೊಮ್ಮೆ ಮಗುಚಿ ಮಗುಚಿ ನೀರನ್ನು ಆರಿಸುತ್ತಾರೆ. ದಿನಾ ಮಧ್ಯಾಹ್ನ ಮಿಸಾವೊ ಒಬ್ಬಳೇ ಮಾಡುವ ಕೆಲಸ. ಗುರುವಾರ ಇಸಾಮು ಬಂದು ಎದುರಿನ ಹಲಗೆ ಹಿಡಿದ.

“ಅತಿಥಿಗಳ ಕೈಲಿ ಕೆಲಸ ಮಾಡಿಸಿದ್ರೆ ಅಜ್ಜಿ ಬೈತಾಳೆ.”

“ಅಜ್ಜೀನೇ ಕಳಿಸಿದ್ದು.”

ಅಜ್ಜಿ ಬಾಗಿಲಲ್ಲಿ ಕೂತು ನೀರು ಬಡಿಯುವ ಹಾಡು ಎತ್ತಿಕೊಂಡಳು. ಹಾಡಿನ ಲಯಕ್ಕೆ ಹಲಗೆ ಎದ್ದು ಬಿದ್ದು, ಹಬೆ ಮೇಲೇರಿ, ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ನಗು ಮಾತ್ರ ಕೇಳುತ್ತಿತ್ತು. ಕೊನೆಗೆ ಆತ ತೋಳು ಮಡಿಸಿ ಮೊಣಕೈಯ ಒಳಬದಿಯನ್ನು ನೀರಿಗೆ ಅದ್ದಿ ನೋಡಿದ, ಬಾಣಂತಿ ಮನೆಯ ಮುದುಕಿಯರು ಕೂಸಿನ ನೀರು ನೋಡುವ ಹಾಗೆ.

“ಈಗ ಹದವಾಗಿದೆ,” ಎಂದ.

ಮಿಸಾವೊ ಕೈ ಹಾಕಿದಳು. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇರಲಿಲ್ಲ.

“ಎಲ್ಲಿ ಕಲಿತ್ರಿ ಇದನ್ನ?”

“ಕೆಲಸದಲ್ಲಿ… ಅಭ್ಯಾಸ ಆಗಿದೆ,” ಎಂದು ಮಾತು ತಿರುಗಿಸಿದ.

ಶುಕ್ರವಾರ ಆತ ಅಂಚೆ ಕಚೇರಿಗೆ ಹೋದ, ಅವಳೂ ಹಿಂದೆ ಹೋದಳು. ಶನಿವಾರ ಬಿಸಿಲಲ್ಲಿ ಕೂತು ಇಬ್ಬರೂ ಇನ್ನೂರು ಪರ್ಸಿಮನ್ ಹಣ್ಣಿನ ಸಿಪ್ಪೆ ಸುಲಿದು, ದಾರಕ್ಕೆ ಕಟ್ಟಿ, ಸೂರಿನ ಕೆಳಗೆ ಒಣಗಲು ನೇತುಹಾಕಿದರು. ಅವನ ಬೆರಳುಗಳು ಎಷ್ಟು ಮೃದುವಾಗಿ ಕೆಲಸ ಮಾಡುತ್ತಿದ್ದವೆಂದರೆ, ಹಣ್ಣಿಗೆ ನೋವಾದೀತು ಅನ್ನುವ ಹಾಗಿತ್ತು. ಮಿಸಾವೊ ತನ್ನ ಚಾಕು ನಿಲ್ಲಿಸಿ ಆ ಕೈಗಳನ್ನೇ ನೋಡಿದಳು.

“ಮಿಸಾವೊ ಅವರೇ,” ಎಂದ ಆತ ತಲೆ ಎತ್ತದೆ. “ಊಟ ಆದ್ಮೇಲೆ ನಿಮ್ಮ ಹತ್ರ ಒಂದ್ವಿಷಯ ಹೇಳ್ಬೇಕು. ನನ್ನ ಬಗ್ಗೆ. ಕೇಳಿದ್ಮೇಲೆ ನೀವು ಏನಂದ್ರೂ ಸರಿ.”

“ಈಗ್ಲೇ ಹೇಳಿ.”

“ಈಗ ಕೈಯೆಲ್ಲ ಅಂಟು,” ಎಂದು ನಕ್ಕ.

ಹೇಳಲಿ, ಏನು ಬೇಕಾದರೂ ಹೇಳಲಿ, ತಾನು ಹೂಂ ಅನ್ನುವುದೇ ಸೈ ಅಂತ ಅವಳು ಮನಸ್ಸಿನಲ್ಲಿ ಆಗಲೇ ತೀರ್ಮಾನಿಸಿದ್ದಳು. ಪ್ರೀತಿ ಅನ್ನುವ ಪದವನ್ನು ಬಾಯಿಬಿಟ್ಟು ಹೇಳಿಕೊಳ್ಳಲು ಮಾತ್ರ ಇನ್ನೂ ನಾಚಿಕೆಯಾಗುತ್ತಿತ್ತು.

* * *

ಆದರೆ ಎಲುಬಿಲ್ಲದ ನಾಲಿಗೆ ಅಂತ ಒಂದಿದೆಯಲ್ಲ, ಅದು ಗೊಂಪಾಚಿಯ ಬಾಯಲ್ಲಿತ್ತು.

ಸಂಜೆ ಊಟಕ್ಕೆ ಅಜ್ಜಿ ಇಸಾಮುವನ್ನು ಅಡುಗೆಮನೆಯ ಒಲೆಯ ಪಕ್ಕ ಮನೆಯವರ ಜೊತೆಗೇ ಕೂರಿಸಿದ್ದಳು. ಗೊಂಪಾಚಿ ಎರಡು ಬಟ್ಟಲು ಅಕ್ಕಿ ಹೆಂಡ ಸಾಕೆ ಏರಿಸಿದ್ದ.

“ಏನೇ ಹೇಳಿ ಸ್ವಾಮಿ, ನೀವು ಸಾಯ್ಲಿಲ್ಲವಲ್ಲ, ಅದೇ ಪುಣ್ಯ.”

“ನಾನು… ಸಾಯೋದಾ?”

“ಮತ್ತೆ? ಬಲ ಮಗ್ಗುಲು ಮೇಲೆ ಹಾಕ್ಕೊಂಡು ಓಡಾಡಿದ್ರೆ? ಇವರು ಜೀವ ಕಳ್ಕೊಳ್ಳೋಕೆ ಬಂದಿದಾರೆ ಅಂತ ಅಮ್ಮಾವ್ರು ನಮಗೆಲ್ಲ ಕಾವಲು ಹಾಕಿದ್ರು. ಪಾಪ ನಮ್ಮ ಚಿಕ್ಕ ಯಜಮಾನಿ, ಬುಟ್ಟಿ ಹಿಡ್ಕೊಂಡು ನಿಮ್ಮ ಹಿಂದೆ ಹಿಂದೆ ತಿರುಗಿದ್ದೇ ತಿರುಗಿದ್ದು.”

ಅಜ್ಜಿ ಅವನ ಕಾಲು ತುಳಿದಳು. ತಡವಾಗಿತ್ತು.

ಇಸಾಮು ಚಾಪ್‌ಸ್ಟಿಕ್ ಕೆಳಗಿಟ್ಟ. ಮಿಸಾವೊ ಕಡೆ ನೋಡಿದ. “ಸೇತುವೆ ಮೇಲೆ… ಅದಕ್ಕೇನಾ ಕೈ ಹಿಡಿದಿದ್ದು?”

ಹೌದು ಅಂದರೂ ಸುಳ್ಳು, ಅಲ್ಲ ಅಂದರೂ ಸುಳ್ಳು.

“ಹಾಗಾದ್ರೆ ಆ ಬಟ್ಟೆ ವಿಷಯ ಹೇಳ್ಬಿಡ್ತೀನಿ,” ಎಂದ ಆತ ಶಾಂತವಾಗಿ. “ಹೇಗೂ ಇವತ್ತು ಹೇಳ್ಬೇಕು ಅಂತಿದ್ದೆ. ನನ್ನ ಕೆಲಸ ತೀರಿಕೊಂಡವರಿಗೆ ಕೊನೇ ಸ್ನಾನ ಮಾಡಿಸೋದು. ಮೀಸಿ, ಒರೆಸಿ, ಬಟ್ಟೆ ಉಡಿಸೋದು. ಹನ್ನೊಂದು ವರ್ಷದಿಂದ ಈ ಕೈ ಬಲ ಮಗ್ಗುಲನ್ನೇ ಮೇಲೆ ಹಾಕಿದೆ. ಆವತ್ತು ದಣಿವಲ್ಲಿ ನನಗೆ ನಾನೇ ಹಾಗೆ ಉಟ್ಕೊಂಡ್ಬಿಟ್ಟೆ. ಅಷ್ಟೇ.”

ಆಗ ಒತ್ಸುರುವಿನ ಕೈ ಉಪ್ಪಿನ ಭರಣಿಗೆ ಹೋಯಿತು.

ಸಾವಿನ ಮನೆಯಿಂದ ಬಂದವರ ಮೇಲೆ ಮೈಲಿಗೆ ಹೋಗಲೆಂದು ಚಿಟಿಕೆ ಉಪ್ಪು ಹಾಕದೆ ಒಳಗೆ ಬಿಟ್ಟುಕೊಳ್ಳದ ಜನ. ಅವಳು ಯೋಚನೆ ಮಾಡಿ ಮಾಡಿದ್ದಲ್ಲ. ಆದರೂ ಕೈ ಹೋಯಿತು, ಭರಣಿಯ ಮುಚ್ಚಳ ಮುಟ್ಟಿತು. ಮುಟ್ಟಿದ ಮೇಲೆ ಅವಳಿಗೇ ಅರಿವಾಗಿ ಕಲ್ಲಾಗಿ ನಿಂತಳು.

ಇಸಾಮು ಅದನ್ನು ನೋಡಿದ. ಆಮೇಲೆ ಮಿಸಾವೊಳನ್ನು ನೋಡಿದ. ಒಂದು ಮಾತಿಗಾಗಿ ಕಾಯುವವನ ಹಾಗೆ ನೋಡಿದ.

ಅವಳು ಏನಾದರೂ ಅನ್ನಬೇಕಿತ್ತು. ಏನಾದರೂ! ಆದರೆ ಉಪ್ಪಿನ ಭರಣಿಯನ್ನೇ ನೋಡುತ್ತಾ ಕೂತುಬಿಟ್ಟಳು. ಬಾಯಿ ಬರಲಿಲ್ಲ.

“ಊಟ ತುಂಬ ಚೆನ್ನಾಗಿತ್ತು,” ಎಂದು ಆತ ಹಣೆ ನೆಲಕ್ಕೆ ತಾಗುವ ಹಾಗೆ ಬಾಗಿ ವಂದಿಸಿ, ಎದ್ದು ಹೋದ.

ಭಾನುವಾರ ಬೆಳಗಿನ ಮೊದಲ ಬಸ್ಸಿಗೇ ಹೊರಟ, ಒಂದು ದಿನ ಮೊದಲೇ. ಅತಿಥಿ ಕಣ್ಮರೆಯಾಗುವವರೆಗೆ ಬಾಗಿಲಲ್ಲಿ ನಿಂತು ಕೈ ಬೀಸುವುದು ಆ ಮನೆಯ ಪದ್ಧತಿ. ಮಿಸಾವೊ ಬೀಸಿದಳು. ತಿರುವಿನಲ್ಲಿ ಬಸ್ಸು ಮರೆಯಾದ ಮೇಲೂ ಕೈ ಇಳಿಸಲಿಲ್ಲ. ಆತ ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ.

* * *

“ಕಂಬದ ಹಾಗೆ ಕೂತಿದ್ದೆಯಲ್ಲೇ ನಿನ್ನೆ,” ಎಂದಳು ಅಜ್ಜಿ.

ಒತ್ಸುರು ಮೂಲೆಯಲ್ಲಿ ಕೂತು ಅಳುತ್ತಿದ್ದಳು. “ಕೈ ತಾನಾಗೇ ಹೋಯ್ತು ಅಮ್ಮಾವ್ರೇ… ನನ್ನ ಕೈಗೆ ಬೆಂಕಿ ಬೀಳ.”

“ನಿನ್ನ ಕೈ ಇರ್ಲಿ ಬಿಡು, ನಾಳೆ ಪಾತ್ರೆ ತೊಳೀಬೇಕು,” ಎಂದ ಅಜ್ಜಿ ಮೊಮ್ಮಗಳ ಪಕ್ಕ ಕೂತಳು.

“ನಿನ್ನ ತಾತ ಹೋದಾಗ ಕೆಳಗಿನ ಊರಿಂದ ಒಬ್ಬಳು ಹೆಂಗಸು ಬಂದಿದ್ಲು ಕಣೇ, ಕೊನೇ ಸ್ನಾನ ಮಾಡ್ಸೋಕೆ. ನೀನಾಗ ಶಾಲೆಗೆ ಹೋಗ್ತಿದ್ದೆ. ಅವಳು ತಾತನ ಮೈಮೇಲೆ ನೀರು ಹಾಕೋ ಮುಂಚೆ ಮೊಣಕೈ ಅದ್ದಿ ನೋಡಿದ್ಲು. ಸುಡುತ್ತೇನೋ ಅಂತ. ಸತ್ತವನಿಗೆ ಸುಡುತ್ತಾ? ಆದ್ರೂ ನೋಡಿದ್ಲು. ‘ತಾತಾ, ಈಗ ಭುಜಕ್ಕೆ ಹಾಕ್ತೀನಿ, ಈಗ ಕಾಲಿಗೆ’ ಅಂತ ಹೇಳಿ ಹೇಳಿ ಹಾಕಿದ್ಲು. ಜೀವಮಾನವೆಲ್ಲ ಈ ಮನೇಲಿ ಬೇರೆಯವರ ನೀರು ಹದ ಮಾಡಿದವನಿಗೆ, ಕೊನೆಗೆ ಅವಳು ಹದ ಮಾಡಿ ಹಾಕಿದ್ಲು. ನಾನು ಅವಳ ಹೆಸರು ಕೂಡ ಕೇಳ್ಲಿಲ್ಲ. ಹೋದ್ಮೇಲೆ ಬಾಗಿಲಿಗೆ ಉಪ್ಪು ಹಾಕಿದೆ.”

ಮಿಸಾವೊ ಅಜ್ಜಿಯ ಮಡಿಲಲ್ಲಿ ಮುಖವಿಟ್ಟು ಬಿಕ್ಕಿದಳು.

“ಅಜ್ಜೀ, ಅವರು ಸತ್ತುಹೋಗ್ತಾರೆ ಅಂತ ನಾನು ಹಿಂದೆ ಹೋಗಿದ್ದು ಒಂದೇ ದಿನ. ಆಮೇಲೆ…”

“ಆಮೇಲೆ ಅಣಬೆಗೆ ಹೋಗಿದ್ದು. ಗೊತ್ತು.” ಅಜ್ಜಿ ಅವಳ ತಲೆ ಸವರಿದಳು. “ಅದನ್ನ ನನಗೆ ಯಾಕೆ ಹೇಳ್ತಿದ್ದೀಯ? ಹೇಳ್ಬೇಕಾದವನು ಬಸ್ಸಲ್ಲಿ ಹೋದ. ನಾಳೆ ಬೆಳಗ್ಗೆ ನೀನೂ ಬಸ್ಸು ಹತ್ತು.”

“ಇದು ಸೀಸನ್ನು. ಕೋಣೆಗಳೆಲ್ಲ ಭರ್ತಿ.”

“ನಾನಿನ್ನೂ ಸತ್ತಿಲ್ಲ. ಹೋಗು.”

* * *

ವಿಳಾಸದ ಚೀಟಿ ಅಡುಗೆಮನೆಯ ಗೋಡೆಯ ಮೇಲೆಯೇ ಇತ್ತು. ಎರಡು ಗಂಟೆ ಬಸ್ಸು, ಒಂದು ಗಂಟೆ ರೈಲು. ದಾರಿಯುದ್ದಕ್ಕೂ ಮಿಸಾವೊ ಹೇಳಬೇಕಾದ ಮಾತು ಜೋಡಿಸಿದಳು. ಸ್ಟೇಶನ್ ಹಿಂದಿನ ಬೀದಿಯ ಆ ಗಾಜಿನ ಬಾಗಿಲ ಮುಂದೆ ನಿಂತಾಗ ಜೋಡಿಸಿದ್ದೆಲ್ಲ ಮರೆತು, ಕಣ್ಣಲ್ಲಿ ನೀರು ಮಾತ್ರ ಬಂತು.

ಬಾಗಿಲು ತೆರೆದವಳು ಕಪ್ಪು ಬಟ್ಟೆಯ, ಅರವತ್ತರ ಹೆಂಗಸು. ಹಿಸಾಯೊ ಅಂತ, ಆ ಆಫೀಸಿನ ಒಡತಿ. ಮಿಸಾವೊಳ ಮುಖ ನೋಡಿದ್ದೇ ಅವಳ ದನಿ ಬೆಣ್ಣೆಯಾಯಿತು.

“ಬನ್ನಿ ತಾಯೀ, ಒಳಗೆ ಬನ್ನಿ. ಕೂತ್ಕೊಳ್ಳಿ. ಆತುರ ಏನಿಲ್ಲ.” ಟೀ ಬಂತು, ಕಣ್ಣೊರೆಸಲು ಟಿಶ್ಯೂ ಬಂತು. “ತೀರಿಕೊಂಡವರು… ಯಾರು?”

“ಯಾರೂ ತೀರಿಕೊಂಡಿಲ್ಲ.”

“ಮೊದಲಿಗೆ ಹಾಗೇ ಅನ್ಸುತ್ತೆ. ಮನಸ್ಸು ಒಪ್ಪೋದಿಲ್ಲ.”

“ಅಯ್ಯೋ ಇಲ್ಲ, ಅವರು ಬದುಕೇ ಇದಾರೆ. ಸಾಯ್ತಾರೆ ಅಂತ ನಾನು ಅಂದ್ಕೊಂಡಿದ್ದೆ, ಅದೇ ಎಡವಟ್ಟಾಗಿದ್ದು.”

ಹಿಸಾಯೊ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟಳು. “ಸ್ವಲ್ಪ ನಿಧಾನಕ್ಕೆ ಹೇಳಿ.”

“ಇಸಾಮು ಅವರು ಬೇಕಾಗಿತ್ತು.”

“ಓಹೋ.” ಹೆಂಗಸಿನ ಮುಖದ ಮೇಲಿದ್ದ ದುಃಖವೆಲ್ಲ ಒಂದೇ ಸಲಕ್ಕೆ ಮಾಯವಾಯಿತು. “ಬಿಸಿನೀರಿನ ಮನೆಯವರಾ? ಹನ್ನೊಂದು ವರ್ಷಕ್ಕೆ ಮೊದಲ ಸಲ ವಾರದುದ್ದ ರಜೆ ಕೊಟ್ಟು ಕಳಿಸಿದ್ದೆ. ಹೋದವನು ಹೋದ ಮುಖಕ್ಕಿಂತ ಕೆಟ್ಟ ಮುಖ ಹಾಕ್ಕೊಂಡು ಬಂದಿದಾನೆ. ಇರಿ, ಕರೀತೀನಿ.” ಪರದೆಯ ಆಚೆ ಹೋಗಿ, ಅಲ್ಲಿಂದ ಕದಲಲೇ ಇಲ್ಲ ಅನ್ನೋದು ಬೇರೆ ಮಾತು.

ಇಸಾಮು ಹಿಂದಿನ ಕೋಣೆಯಿಂದ ತೋಳು ಮಡಿಸಿಕೊಂಡೇ ಬಂದ. ಅವಳನ್ನು ಕಂಡು ಹೊಸ್ತಿಲಲ್ಲೇ ನಿಂತ.

“ಅಜ್ಜಿಗೆ ಏನಾದ್ರೂ…”

“ಅಜ್ಜಿ ಗುಂಡುಕಲ್ಲಿನ ಹಾಗಿದಾಳೆ.”

“ಮತ್ತೆ ನೀವು ಇಷ್ಟು ದೂರ…” ಆತ ನೆಲ ನೋಡಿದ. “ಒತ್ಸುರು ಅವರ ಮೇಲೆ ನನಗೇನೂ ಬೇಜಾರಿಲ್ಲ. ಅದು ಅಭ್ಯಾಸ. ನೀವು ಬರಬೇಕಾಗಿರ್ಲಿಲ್ಲ, ಮಿಸಾವೊ ಅವರೇ. ನೀವು ನನ್ನ ಮೇಲೆ ಕನಿಕರ ಇಟ್ಟು ನೋಡ್ಕೊಂಡ್ರಿ, ಅದನ್ನ ನಾನು ಬೇರೆ ಏನೋ ಅಂದ್ಕೊಂಡೆ. ತಪ್ಪು ನಂದೇ.”

“ನಾನು ಮಾತಾಡ್ಬಹುದಾ?”

“ಹೇಳಿ.”

“ಮಂಗಳವಾರ ನಿಮ್ಮ ಹಿಂದೆ ಬಂದಿದ್ದು ಅಜ್ಜಿ ಹೇಳಿದ್ಲು ಅಂತ. ಬುಧವಾರ ನೀವು ಫೆಬ್ರವರಿಗೆ ಉಪ್ಪಿನಕಾಯಿ ಹೇಳಿದ್ರಿ. ಆವತ್ತೇ ಕಾವಲು ತೆಗೆದ್ರು. ಆಮೇಲೆ ಬುಧವಾರ ಬಂದೆ, ಗುರುವಾರ ಬಂದೆ, ಶುಕ್ರವಾರ ಅಂಚೆ ಕಚೇರಿಗೂ ಬಂದೆ.” ಅವಳ ದನಿ ಏರಿತು, ಕಣ್ಣು ತುಂಬಿತು. “ಅಂಚೆ ಕಚೇರೀಲಿ ಯಾರು ಸಾಯ್ತಾರೆ, ಹೇಳಿ? ಆ ಮೂರು ದಿನ ನನ್ನನ್ನ ಕಳಿಸಿದ್ದು ಯಾರು ಅಂದ್ಕೊಂಡ್ರಿ?”

ಇಸಾಮು ತಲೆ ಎತ್ತಿ ಅವಳನ್ನು ನೋಡಿದ.

“ನಾನು… ನೀವಿಲ್ಲದ ಮೇಲೆ ನೀರು ಬಡಿಯೋಕೆ ಹೋದೆ. ಎದುರಿಗೆ ಹಲಗೆ ಹಿಡಿಯೋವ್ರು ಇರ್ಲಿಲ್ಲ. ನನಗೆ ನೀವು ಬೇಕು. ಪ್ರೀತಿ ಮಾಡ್ತೀನಿ ನಿಮ್ಮನ್ನ. ಆವತ್ತು ಬಾಯಿ ಬರ್ಲಿಲ್ಲ, ಅದು ನನ್ನ ತಪ್ಪು. ಅದೊಂದಕ್ಕೆ ಎಷ್ಟು ಬೇಕಾದ್ರೂ ಬೈಯಿರಿ. ಕನಿಕರ ಅಂತ ಮಾತ್ರ ಅನ್ಬೇಡಿ.”

ಪರದೆಯ ಆಚೆ ಯಾರೋ ಮೂಗು ಸೀಟಿದ ಸದ್ದು ಕೇಳಿಸಿತು.

“ನನಗೊಂದು ಸಂಬಂಧ ಗೊತ್ತಾಗಿತ್ತು, ಐದು ವರ್ಷದ ಹಿಂದೆ,” ಎಂದ ಇಸಾಮು. “ಹೆಣ ಮುಟ್ಟಿದ ಕೈ ಮದುವೆಯ ಸಾಕೆ ಬಟ್ಟಲು ಮುಟ್ಟಬಾರದು ಅಂದ್ರು ಹುಡುಗಿಯ ತಾಯಿ. ಅವರು ಕೆಟ್ಟವರಲ್ಲ. ಎಲ್ರೂ ಹಾಗೇ. ಅಂಗಡೀಲಿ ಚಿಲ್ಲರೆ ಕೊಡೋವ್ರು ಕೂಡ, ಗೊತ್ತಾದ್ರೆ, ತಟ್ಟೇಲಿಟ್ಟು ತಳ್ತಾರೆ. ಎಷ್ಟು ತೊಳೆದ್ರೂ ಹೋಗಲ್ಲ ಇದು. ಈ ಕೆಲಸ ನಾನು ಬಿಡೋದೂ ಇಲ್ಲ. ಯಾರೋ ಒಬ್ಬರು ಮಾಡ್ಬೇಕು, ಚೆನ್ನಾಗಿ ಮಾಡ್ಬೇಕು.”

“ಬಿಡಿ ಅಂತ ಯಾರು ಹೇಳಿದ್ರು? ಬದುಕಿರೋವ್ರಿಗೆ ನೀರು ಹದ ಮಾಡೋದು ನಮ್ಮ ಮನೆ ಕೆಲಸ. ಹೋದವರಿಗೆ ಹದ ಮಾಡೋದು ನಿಮ್ಮ ಕೆಲಸ. ಇದರಲ್ಲಿ ಮೇಲು ಕೀಳು ಎಲ್ಲಿಂದ ಬಂತು?”

ಅವಳು ಎರಡು ಹೆಜ್ಜೆ ಮುಂದೆ ಬಂದು ಅವನ ಎರಡೂ ಕೈಗಳನ್ನು ಹಿಡಿದುಕೊಂಡಳು. ಆತ ಹಿಂದಕ್ಕೆಳೆಯಲು ನೋಡಿದ, ಅವಳು ಬಿಡಲಿಲ್ಲ. ನೀರಲ್ಲಿ ನೆನೆದು ನೆನೆದು ಬೆರಳ ತುದಿ ಸುಕ್ಕಾದ ಕೈಗಳು. ತನ್ನವೂ ಹಾಗೇ ಇದ್ದವು. ಯಾವುದು ಯಾರದು ಅಂತ ಹೇಳುವುದೇ ಕಷ್ಟವಿತ್ತು.

ಇಸಾಮುವಿನ ಕಣ್ಣಿಂದ ಒಂದು ಹನಿ ಜಾರಿ ಅವಳ ಕೈಮೇಲೆ ಬಿತ್ತು. ಎಷ್ಟೋ ಮನೆಗಳಲ್ಲಿ ಎಷ್ಟೋ ಜನರ ಅಳು ಕ್ಷಣವೂ ಅಲುಗದೆ ನೋಡಿದವನು, ಮಗುವಿನ ಹಾಗೆ ಅತ್ತುಬಿಟ್ಟ.

“ನಾನು ಬೆಟ್ಟ ಬಿಟ್ಟು ಬರೋಕಾಗಲ್ಲ,” ಎಂದಳು ಮಿಸಾವೊ, ತಾನೂ ಅಳುತ್ತಾ. “ಅದೊಂದು ಮೊದ್ಲೇ ಹೇಳ್ಬಿಡ್ತೀನಿ.”

“ಗೊತ್ತು.”

“ನಮ್ಮ ಗಾಡಿ ಆ ಬೆಟ್ಟದೂರುಗಳಿಗೆ ಹತ್ತೋಕೆ ಎರಡು ಗಂಟೆ ಹಿಡಿಯುತ್ತೆ,” ಎಂದು ಪರದೆಯ ಆಚೆಯಿಂದ ಹಿಸಾಯೊಳ ದನಿ ಬಂತು. “ಮೇಲೆ ಒಬ್ಬ ಇದ್ರೆ ಚೆನ್ನಾಗಿತ್ತು ಅಂತ ನಾನು ಮೂರು ವರ್ಷದಿಂದ ಬಡ್ಕೋತಿದ್ದೀನಿ. ಯಾರಾದ್ರೂ ಕೇಳ್ತಾರಾ ನನ್ನ ಮಾತು?”

ಇಬ್ಬರಿಗೂ ಅಳುವಿನ ನಡುವೆಯೇ ನಗು ಬಂತು. ಕೈ ಮಾತ್ರ ಯಾರೂ ಬಿಡಲಿಲ್ಲ.

“ಅದಕ್ಕೆಲ್ಲ ಸ್ವಲ್ಪ ಸಮಯ ಬೇಕು,” ಎಂದ ಇಸಾಮು. “ನನಗೆ ವಾರದ ರಜೆ ಬುಧವಾರ. ಈ ಬುಧವಾರ ಬರ್ತೀನಿ.”

“ಬಂದು?”

“ನಿಮ್ಮ ಎದುರಿನ ಹಲಗೆ ಹಿಡೀತೀನಿ.”

“ಆಮೇಲೆ?”

“ಗುರುವಾರ ಬೆಳಗಿನ ಬಸ್ಸಿಗೆ ವಾಪಸ್. ಆಮೇಲೆ ಮುಂದಿನ ಬುಧವಾರ ಮತ್ತೆ ಬರ್ತೀನಿ.”

“ಎಷ್ಟು ಬುಧವಾರ ಹೀಗೇ ಬರ್ತೀರಿ?”

“ನೀವು ಸಾಕು ಅನ್ನೋವರೆಗೆ.”

ಮಿಸಾವೊ ಅವನ ಹೆಗಲಿಗೆ ತಲೆ ಆನಿಸಿದಳು.

“ಸಾಕು ಅನ್ನಲ್ಲ,” ಎಂದಳು. “ಗುರುವಾರ ಹೋಗ್ಬೇಡಿ ಅಂತೀನಿ.”